ರಾಜನ ಜಾಗದಲ್ಲಿ ಅಧ್ಯಕ್ಷ

ಹೊಗೆಸೊಪ್ಪನ್ನು ಇಬ್ಬನಿ ಆರುವ ಮೊದಲು ಕೀಳಬೇಕು. ಬಿಸಿಲೇರಿದರೆ ಎಲೆ ಸೊರಗಿ ಕೈಗೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಬೇಸಿಗೆಯುದ್ದಕ್ಕೂ ನಮ್ಮ ಗುರ್‌ಬಾರ್ಧದ ಹೆಂಗಸರು ನಸುಕಿಗೇ ದೇವೊಲ್ ಹೊಳೆಯ ಪಕ್ಕದ ಹೊಲಕ್ಕೆ ಇಳಿಯುತ್ತಿದ್ದರು. ಸೂರ್ಯ ಬೆಟ್ಟ ಹತ್ತಿ ಹೊಲ ಮುಟ್ಟುವಷ್ಟರಲ್ಲಿ ಎಲೆಯ ಹೊರೆಗಳು ಚಪ್ಪರದಡಿ ಬಂದಿರುತ್ತಿದ್ದವು. ಆಮೇಲೆ ಇಡೀ ದಿನ ಪೋಣಿಸುವ ಕೆಲಸ. ದಬ್ಬಣಕ್ಕಿಂತ ಉದ್ದದ ಚಪ್ಪಟೆ ಸೂಜಿಗೆ ಎಲೆಯ ದಂಟನ್ನು ಚುಚ್ಚಿ ಚುಚ್ಚಿ, ತುಂಬಿದ ಮೇಲೆ ದಾರಕ್ಕೆ ಜಾರಿಸಿ, ಮಾಲೆ ಮಾಡಿ ತೂಗುಹಾಕಬೇಕು. ಊಟವಾದ ಮೇಲೆ ಕಣ್ಣು ತಾನಾಗಿ ಎಳೆಯುತ್ತದೆ. ತೂಕಡಿಸಿದವಳ ಸೂಜಿ ಬೆರಳಿಗೇ ಇಳಿಯುತ್ತದೆ. ಸರಿಯಾಗಿ ಆ ಹೊತ್ತಿಗೆ ಅಜ್ಜಿ ದನಿ ತೆಗೆಯುತ್ತಿದ್ದಳು.

“ಇತ್ತು, ಏನಿತ್ತು, ಇದ್ದದ್ದೂ ಇತ್ತು, ಇಲ್ಲದ್ದೂ ಇತ್ತು...”

ಅಷ್ಟು ಸಾಕು, ಬಾಗಿದ ತಲೆಗಳೆಲ್ಲ ಮೇಲೇಳುತ್ತಿದ್ದವು.

ನನ್ನ ಅಜ್ಜಿ ಹಾನ್ಕೋಗೆ ದುಡಿಯುವ ವಯಸ್ಸು ದಾಟಿ ಎಷ್ಟೋ ಕಾಲವಾಗಿತ್ತು. ಅವಳು ನನ್ನ ಜೊತೆ ಬಂದು, ಮೂಲೆಯಲ್ಲಿ ಗೋಣಿ ಹಾಸಿಕೊಂಡು ಕೂತು, ನನ್ನ ಪಾಲಿನ ಎಲೆಯನ್ನೇ ಒಂದಷ್ಟು ಪೋಣಿಸುತ್ತಿದ್ದಳು. ಊರ ಹೊಲಗಳನ್ನೆಲ್ಲ ನಡೆಸುವ ಸಹಕಾರಿಯ ಅಧ್ಯಕ್ಷ, ಊರಿಗೆಲ್ಲ ಮಾಮನಾದ ರಾಪೋ ಮಾಮನಿಗೆ ಇದು ಗೊತ್ತಿತ್ತು. ಅಜ್ಜಿ ಕಥೆ ಹೇಳಿದ ದಿನ ಚಪ್ಪರದ ಕೆಲಸ ಯೋಜನೆಯ ಗುರಿ ದಾಟುತ್ತದೆ, ಅವಳು ಜ್ವರವೆಂದು ಮನೆಯಲ್ಲಿ ಮಲಗಿದ ದಿನ ಹಿಂದೆ ಬೀಳುತ್ತದೆ ಎಂಬುದೂ ಗೊತ್ತಿತ್ತು. ಹಾದುಹೋಗುವಾಗ ಟೋಪಿ ಸರಿಮಾಡಿಕೊಳ್ಳುವ ನೆವದಲ್ಲಿ ಅರೆಗಳಿಗೆ ನಿಂತು ಕೇಳಿಸಿಕೊಂಡು, ಏನೂ ಕೇಳಲಿಲ್ಲವೆಂಬ ಮುಖ ಹೊತ್ತು ನಡೆದುಬಿಡುತ್ತಿದ್ದ.

ಅದು ನೆರವು ಕೊಡುತ್ತಿದ್ದ ಚೀನಾದವರು ನಮ್ಮ ದೇಶವನ್ನು ಬಿಟ್ಟುಹೋದ ಮರುವರ್ಷದ ಬೇಸಿಗೆ. ಅದಕ್ಕೂ ಮುಂಚೆ ರಷ್ಯದವರು ಹೋಗಿದ್ದರು, ಅದಕ್ಕೂ ಮುಂಚೆ ಪಕ್ಕದ ದೇಶದವರು. ಈಗ ಜಗಳವಾಡಲು ಗೆಳೆಯರೇ ಉಳಿದಿರಲಿಲ್ಲ. ನಮ್ಮ ಕಾಲ ಮೇಲೆ ನಾವೇ ನಿಲ್ಲಬೇಕು ಎಂದು ಸಹಕಾರಿಯ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಚೀನಾದಿಂದ ಬಂದಿದ್ದ ಟ್ರ್ಯಾಕ್ಟರು ಬಿಡಿಭಾಗ ಸಿಗದೆ ಅದೇ ಗೋಡೆಯ ಕೆಳಗೆ ನಿಂತಿತ್ತು. ಅದರ ಸೀಟಿನ ಮೇಲೆ ಯಾರದೋ ಕೋಳಿ ಮೊಟ್ಟೆಯಿಡುತ್ತಿತ್ತು.

ನನ್ನ ಅಪ್ಪ ಅಮ್ಮ ಇಬ್ಬರೂ ದೂರದ ಉತ್ತರದಲ್ಲಿ ಕ್ರೋಮ್ ಗಣಿಯ ಕೆಲಸದಲ್ಲಿದ್ದರು. ನಾನು, ಲಿಂದಿತಾ, ಅಜ್ಜಿಯ ಜೊತೆ ಬೆಳೆದವಳು. ಶಾಲೆ ಮುಗಿದಿತ್ತು. ನನಗಿದ್ದದ್ದು ಒಂದೇ ಆಸೆ, ಭೂಗೋಳ ಓದಬೇಕು. ಅಜ್ಜಿಯ ಕಥೆಯಲ್ಲಿ ಏಳು ಬೆಟ್ಟ ದಾಟಿದರೆ ಮೂರು ಸಮುದ್ರ ಬರುತ್ತಿದ್ದವು. ನಮ್ಮ ದೇಶ ಎಷ್ಟು ಪುಟ್ಟದೆಂದರೆ ಏಳನೆಯ ಬೆಟ್ಟಕ್ಕೆ ಮೊದಲೇ ಗಡಿಯ ಮುಳ್ಳುತಂತಿ ಸಿಗುತ್ತಿತ್ತು. ಆದರೂ ಆ ಪುಟ್ಟ ಜಾಗದೊಳಗೇ ಯಾವ ಬೆಟ್ಟದ ಹೊಟ್ಟೆಯಲ್ಲಿ ತಾಮ್ರ, ಯಾವ ಬಯಲಿನಡಿ ಎಣ್ಣೆ, ಮಳೆ ಬಿದ್ದ ನೀರು ಯಾವ ಕಡೆಗೆ ಹೊರಳುತ್ತದೆ ಎಂದು ಯೋಚಿಸುತ್ತ ಕೂತರೆ ನನ್ನ ಕೈಯ ಎಲೆ ಕೈಯಲ್ಲೇ ಬಾಡುತ್ತಿತ್ತು. ಪಕ್ಕದಲ್ಲಿ ಕೂರುವ ನಾಜಿಕೆ ಮೊಣಕೈಯಿಂದ ತಿವಿದು, ಈ ಹುಡುಗಿಯನ್ನು ಮದುವೆಯಾಗುವವನು ಮೊದಲು ಅವಳ ಕಿವಿಗೆ ಗಂಟೆ ಕಟ್ಟಬೇಕು ಅನ್ನುತ್ತಿದ್ದಳು.

ಪೇಟೆಗೆ ಹೋಗಿ ಮುಂದೆ ಓದುವ ಹಕ್ಕು ಕೇಳಿದವರಿಗೆಲ್ಲ ಸಿಗುವುದಲ್ಲ. ಇಷ್ಟು ಮೇಷ್ಟರು ಬೇಕು, ಇಷ್ಟು ಪಶುವೈದ್ಯರು ಬೇಕು ಎಂದು ರಾಜಧಾನಿಯಲ್ಲಿ ಲೆಕ್ಕ ಹಾಕಿ ಜಿಲ್ಲೆಗಳಿಗೆ ಹಂಚುತ್ತಾರೆ, ಜಿಲ್ಲೆ ಹಳ್ಳಿಗಳಿಗೆ ಹಂಚುತ್ತದೆ. ಆ ವರ್ಷ ನಮ್ಮ ಹಳ್ಳಿಯ ಪಾಲಿಗೆ ಬಂದದ್ದು ಒಂದೇ ಹಕ್ಕು, ಅದೂ ಭೂಗೋಳದ್ದು. ನಾನು ಹುಟ್ಟಿದ ಮೇಲೆ ಸರ್ಕಾರದ ಯೋಜನೆಯೂ ನನ್ನ ಆಸೆಯೂ ಒಂದೇ ದಾರಿ ಹಿಡಿದದ್ದು ಅದೇ ಮೊದಲು. ಅದಕ್ಕೆ ಅರ್ಹರಾದವರು ಇಬ್ಬರು. ನಾನೊಬ್ಬಳು. ಇನ್ನೊಬ್ಬಳು ರಾಪೋ ಮಾಮನ ತಂಗಿಯ ಮಗಳು ಮಿಮೋಜಾ. ಅವಳಿಗೆ ಹಸು ಕರುಗಳೆಂದರೆ ಪ್ರಾಣ, ಪಶುವೈದ್ಯೆ ಆಗಬೇಕೆಂದಿದ್ದಳು. ನದಿಯೆಂದರೆ ಅವಳಿಗೆ ಬಟ್ಟೆ ಒಗೆಯುವ ಜಾಗ. ಆದರೆ ಭೂಗೋಳವಾದರೂ ಸರಿ, ಪೇಟೆಗೆ ಹೋದರೆ ಸಾಕೆಂದು ಅವಳ ಮನೆಯವರು ಹೇಳುತ್ತಿದ್ದರು. ಹಳ್ಳಿಯ ಸಮಿತಿ ಒಂದು ಹೆಸರು ಹೇಳಬೇಕು, ಜಿಲ್ಲೆಯವರು ಮುದ್ರೆ ಒತ್ತಬೇಕು. ಮನೆತನದ ಮೇಲೆ ಸಣ್ಣ ಕಲೆಯಿದ್ದರೂ ಮುದ್ರೆ ಬೀಳುವುದಿಲ್ಲ. ನಮ್ಮ ಮನೆಗೆ ಕಲೆಯಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಸಹಕಾರಿಯ ಗೋಡೆಗೆ ಸಿಡಿಲೋಲೆ ಬಿತ್ತು.

ಸಿಡಿಲೋಲೆ ಅಂದರೆ ದೊಡ್ಡ ಕಾಗದ. ಯಾರು ಬೇಕಾದರೂ ಯಾರ ತಪ್ಪನ್ನಾದರೂ ಎತ್ತಿ, ಕೆಳಗೆ ತನ್ನ ಹೆಸರು ಬರೆದು ಅಂಟಿಸಬಹುದು. ಬೈಸಿಕೊಂಡವರು ಕೆಲವೇ ದಿನದಲ್ಲಿ ಎಲ್ಲರೆದುರು ಉತ್ತರ ಕೊಡಬೇಕು. ಉತ್ತರ ಕೊಡದಿದ್ದರೆ ಅದು ಕಲೆಯಾಗಿ ಉಳಿಯುತ್ತದೆ. ಹಾಲು ಅಳೆಯುವವನು ನೀರು ಬೆರೆಸಿದ, ಕುರುಬ ಹೊಲದಲ್ಲಿ ಮಲಗಿದ ಎಂದೆಲ್ಲ ಬರೆಯುತ್ತಿದ್ದರು. ಈ ಸಲ ಬರೆದದ್ದು ಹೀಗಿತ್ತು: “ಕಾಮ್ರೇಡ್ ಹಾನ್ಕೋ ಹೊಗೆಸೊಪ್ಪಿನ ಚಪ್ಪರದಲ್ಲಿ ರಾಜರ, ಮಂತ್ರಿಗಳ, ಯಕ್ಷಿಣಿಯರ ಕಥೆ ಹೇಳಿ ದುಡಿಯುವ ಹೆಂಗಸರ ಮನಸ್ಸನ್ನು ಹಿಂದಕ್ಕೆ ಎಳೆಯುತ್ತಿದ್ದಾರೆ. ಇದಕ್ಕೆ ಅವರೇನು ಹೇಳುತ್ತಾರೆ?” ಕೆಳಗೆ ಯುಲ್ಬೆರ್ ಎಂದು ಸಹಿ. ವಸಂತದಲ್ಲಿ ಪೇಟೆಯಿಂದ ಬಂದು ನಮ್ಮ ಸಂಸ್ಕೃತಿ ಭವನದ ಉಸ್ತುವಾರಿ ವಹಿಸಿಕೊಂಡಿದ್ದ ಸಣಕಲು ಹುಡುಗ ಅವನು. ಸಿನಿಮಾ ಯಂತ್ರ ತಿರುಗಿಸುತ್ತಿದ್ದ, ಹಾಡು ಕಲಿಸುತ್ತಿದ್ದ, ಹಳೆಯ ಮೂಢತನದ ವಿರುದ್ಧ ಹೋರಾಡಬೇಕೆಂದು ಅವನಿಗೆ ಮೇಲಿನಿಂದ ಅಪ್ಪಣೆಯಿತ್ತು.

ನಾಜಿಕೆ ಚಪ್ಪರಕ್ಕೆ ಬಂದು ಅದನ್ನು ಓದಿದ ಹಾಗೆಯೇ ಒಪ್ಪಿಸಿದಳು.

“ಹಾನ್ಕೋ ಅಜ್ಜಿ, ನಿನ್ ಹೆಸ್ರು ಗೋಡೆ ಮೇಲೆ ಬಂದಿದೆ. ನಮ್ದು ಸತ್ರೂ ಬರಲ್ಲ.”

ಅಜ್ಜಿ ಸೂಜಿ ನಿಲ್ಲಿಸದೆಯೇ ಕೇಳಿದಳು. “ಅಕ್ಷರ ಚೆನ್ನಾಗಿದ್ಯಾ?”

“ಮುತ್ತು ಪೋಣಿಸಿದ ಹಾಗಿದೆ.”

“ಹಂಗಾದ್ರೆ ಒಳ್ಳೇ ಮನೆ ಹುಡುಗ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ರಾಪೋ ಮಾಮ ಬಂದು ನನ್ನನ್ನು ಪಕ್ಕಕ್ಕೆ ಕರೆದು, ತಿಂಗಳ ಕೊನೆಗೆ ಓದುವ ಹಕ್ಕು ಗೊತ್ತುಮಾಡಲು ಜಿಲ್ಲೆಯಿಂದ ಪ್ರತಿನಿಧಿ ಬರುತ್ತಾರೆ, ಅಷ್ಟರೊಳಗೆ ಈ ಓಲೆಗೆ ಉತ್ತರ ಆಗದಿದ್ದರೆ ನಿನ್ನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವ ಹಾಗೂ ಇರುವುದಿಲ್ಲ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರ ಜಾಸ್ತಿಯಿತ್ತು. ಯುಲ್ಬೆರನನ್ನೂ ಕರೆಸಿ, ಒಬ್ಬ ಹುಡುಗಿಯ ಬದುಕಿಗೆ ಅಡ್ಡ ನಿಂತಿದ್ದೀಯ ಎಂದು ಬೈದಿದ್ದನೆಂದು ಆಮೇಲೆ ತಿಳಿಯಿತು.

ಆ ಸಂಜೆಯೇ ಯುಲ್ಬೆರ್ ನಮ್ಮ ಮನೆಗೆ ಬಂದ. ಹೊಸ್ತಿಲಾಚೆ ನಿಂತೇ ಏನೋ ಹೇಳಲು ಶುರುಮಾಡಿದ. ಅಜ್ಜಿ ಕೇಳಲೊಲ್ಲಳು. ಮನೆಗೆ ಬಂದವನು ಮೊದಲು ಕೂರಬೇಕು, ತಿನ್ನಬೇಕು, ಮಾತು ಆಮೇಲೆ. ಒಲೆಯ ಪಕ್ಕ ಅವನನ್ನು ಕೂರಿಸಿ, ಮೆಕ್ಕೆಜೋಳದ ರೊಟ್ಟಿ ಮುರಿದು, ಉಪ್ಪು, ಈರುಳ್ಳಿ, ಒಂದಿಷ್ಟು ಗಿಣ್ಣಿನ ಮುದ್ದೆ ಇಟ್ಟಳು. ಕಾಫಿ ಬೀಜ ಅಂಗಡಿಗೆ ಬರದೆ ಎಷ್ಟೋ ದಿನವಾಗಿತ್ತು, ಹುರಿದ ಬಾರ್ಲಿಯ ಕಷಾಯ ಕುದಿಸಿಕೊಟ್ಟಳು. ಅವನು ತಲೆ ತಗ್ಗಿಸಿಕೊಂಡು ತಿಂದ. ಹೊಟ್ಟೆ ಹಸಿದವನ ಊಟ ಅದು, ಇನ್ನೊಂದು ತುಂಡು ಬೇಕಾ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

ತಿಂದಾದ ಮೇಲೆ ಅವನು ತನ್ನ ಉಪಾಯ ಹೇಳಿದ. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಅಜ್ಜಿ ಕಾಗದದಲ್ಲಿ ಉತ್ತರ ಕೊಡುವ ಬದಲು ಪ್ರತಿನಿಧಿಯ ಎದುರಿನಲ್ಲೇ ಸಂಸ್ಕೃತಿ ಭವನದಲ್ಲಿ ಕಥೆ ಹೇಳಲಿ. ಹಳೆಯ ಕಥೆಯೇ, ಹೊಸ ಜನರೊಂದಿಗೆ. ಅದಕ್ಕಿಂತ ಒಳ್ಳೆಯ ಉತ್ತರ ಯಾವುದಿದೆ? ಅವನ ಕಣ್ಣು ಹೊಳೆಯುತ್ತಿತ್ತು. ಪಾಪ, ನಿಜವಾಗಿ ಸಹಾಯ ಮಾಡಲೆಂದೇ ಬಂದಿದ್ದ.

ಅಜ್ಜಿ ಬೋಳುತಲೆಯ ಹುಡುಗನ ಕಥೆ ಆರಿಸಿಕೊಂಡಳು. ಊರಿನ ನೀರಿನ ಸೆಲೆಯ ಮೇಲೆ ಏಳು ತಲೆಯ ಕುಲ್ಶೆದ್ರಾ ಎಂಬ ರಾಕ್ಷಸಿ ಹಾವು ಕೂತುಬಿಟ್ಟಿದೆ. ಅದನ್ನು ಕೊಂದವನಿಗೆ ಅರ್ಧ ರಾಜ್ಯ ಕೊಡುತ್ತೇನೆಂದು ರಾಜ ಸಾರಿಸುತ್ತಾನೆ. ಯಾರೂ ಲೆಕ್ಕಕ್ಕಿಡದ ಬೋಳ ಹೊರಡುತ್ತಾನೆ.

“ರಾಜ ಇರಬಾರದು ಅಜ್ಜಿ,” ಎಂದ ಯುಲ್ಬೆರ್.

“ಆಯ್ತಪ್ಪ, ಎಬ್ಬಿಸೋಣ. ಆ ಜಾಗದಲ್ಲಿ ಯಾರು ಕೂರ್ತಾರೆ? ಖಾಲಿ ಬಿಟ್ರೆ ಕಥೆ ಕುಸಿಯತ್ತೆ.”

ಅವನು ಯೋಚಿಸಿ, ಸಹಕಾರಿಯ ಅಧ್ಯಕ್ಷ ಎಂದ. ಮಂತ್ರಿಯ ಜಾಗಕ್ಕೆ ಪಕ್ಷದ ಕಾರ್ಯದರ್ಶಿ. ಬೋಳನ ಮಾತಾಡುವ ಕುದುರೆಯ ಬದಲು ಟ್ರ್ಯಾಕ್ಟರ್. ಕುಲ್ಶೆದ್ರಾ ಎಂದರೆ ಸಾಮ್ರಾಜ್ಯಶಾಹಿ.

“ಸಾಮ್ರಾಜ್ಯಶಾಹಿ ನೀರು ಕುಡಿಯುತ್ತಾ ಮಗಾ?”

“ಅದು ಎಲ್ಲಾನೂ ಕುಡಿಯತ್ತೆ ಅಜ್ಜಿ.”

“ಹಂಗಾದ್ರೆ ಕುಲ್ಶೆದ್ರಾನೇ, ಬಿಡು.”

ಅರ್ಧ ರಾಜ್ಯದ ಹತ್ತಿರ ಅವನು ತಡೆದ. ಸಹಕಾರಿ ಎಲ್ಲರದ್ದೂ ಆದ್ದರಿಂದ ಅರ್ಧ ಕಿತ್ತು ಕೊಡಲು ಬರುವುದಿಲ್ಲ. ನನ್ನ ಕಡೆ ನೋಡಿದ, ಕಿವಿಯವರೆಗೂ ಕೆಂಪಾದ, “ಓದುವ ಹಕ್ಕು ಕೊಡ್ತೀನಿ ಅಂತ ಅಧ್ಯಕ್ಷ ಸಾರಿಸಲಿ,” ಎಂದ. ಅದು ಅವನು ನನಗೆ ಕೊಡಬಹುದಾದ ದೊಡ್ಡ ಉಡುಗೊರೆಯಾಗಿತ್ತು.

ಕುಲ್ಶೆದ್ರಾ ಸತ್ತು ನೀರು ಹರಿದಲ್ಲಿಗೆ ಅವನು ಎದ್ದುಬಿಟ್ಟ. ಭವನದಲ್ಲಿ ಸಿನಿಮಾ ಯಂತ್ರದ ಮುಂದೆ ಜನ ಕಾಯುತ್ತಿದ್ದರು. ಇನ್ನೂ ಇದೆ ಮಗಾ, ಇದು ಅರ್ಧ ಎಂದು ಅಜ್ಜಿ ಕೂಗಿದಳು. ಉಳಿದದ್ದನ್ನೂ ಹೀಗೆಯೇ ಬದಲಾಯಿಸಿಕೊಂಡು ಹೋಗಿ ಎಂದು ಅಂಗಳದಾಚೆಯಿಂದಲೇ ಹೇಳಿ ಅವನು ಓಡಿದ. ಆ ಉಳಿದರ್ಧ ನನಗೆ ಬಾಯಿಪಾಠವಾಗಿತ್ತು, ಆದರೂ ಏನೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಕಥೆಯಲ್ಲಿ ರಾಜನೆಂದರೆ ಎಲ್ಲೋ ದೂರದಲ್ಲಿ, ಯಾರ ಸಂಬಂಧಿಕನೂ ಅಲ್ಲದವನಾಗಿದ್ದ.

ಪ್ರತಿನಿಧಿ ಬಂದ ಸಂಜೆ ಭವನ ತುಂಬಿಹೋಗಿತ್ತು. ಕಾಮ್ರೇಡ್ ನೆಫಿಸಾ ಎಂದು ಅವರ ಹೆಸರು. ಕತ್ತರಿಸಿದ ಬಿಳಿಗೂದಲು, ಬೂದು ಕೋಟು. ಹುಡುಗಿಯಾಗಿದ್ದಾಗ ಬಂದೂಕು ಹಿಡಿದು ಬೆಟ್ಟದಲ್ಲಿ ಜರ್ಮನರ ವಿರುದ್ಧ ಹೋರಾಡಿದವರಂತೆ. ದಿನವಿಡೀ ಜೀಪಿನಲ್ಲಿ ಕುಲುಕಿ ದಣಿದಿದ್ದರು. ಮೇಜಿನಡಿ ಒಂದು ಶೂ ಕಳಚಿ ಪಾದವನ್ನು ನೆಲದ ತಂಪಿಗೆ ಒತ್ತಿಟ್ಟಿದ್ದು ಮುಂದಿನ ಸಾಲಿನಲ್ಲಿದ್ದ ನನಗೆ ಕಾಣುತ್ತಿತ್ತು. ಅವರ ಪಕ್ಕ ರಾಪೋ ಮಾಮ. ಯುಲ್ಬೆರ್ ಗೋಡೆಗೊರಗಿ ನಿಂತಿದ್ದ.

ಅಜ್ಜಿ ಹೊಸ ತಲೆವಸ್ತ್ರ ಕಟ್ಟಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ಸೂಜಿಯಿಲ್ಲದೆ ಬೆರಳುಗಳು ಏನೂ ತೋಚದೆ ತಲೆವಸ್ತ್ರದ ಅಂಚನ್ನು ಸುರುಳಿ ಸುತ್ತುತ್ತಿದ್ದವು. ಇತ್ತು, ಏನಿತ್ತು ಎಂದು ಶುರುಮಾಡಿದಳು. ಒಂದೂರಲ್ಲಿ ಒಂದು ಸಹಕಾರಿ, ಅದಕ್ಕೊಬ್ಬ ಅಧ್ಯಕ್ಷ. ರಾಪೋ ಮಾಮ ಮೀಸೆಯಡಿ ನಕ್ಕ, ಟೋಪಿ ಸರಿಮಾಡಿಕೊಂಡ. ನೀರಿನ ಸೆಲೆಯ ಮೇಲೆ ಸಾಮ್ರಾಜ್ಯಶಾಹಿ ಬಂದು ಕೂತಿತು. ಓದುವ ಹಕ್ಕು ಕೊಡುತ್ತೇನೆಂದು ಅಧ್ಯಕ್ಷ ಸಾರಿಸಿದ. ಬೋಳ ಟ್ರ್ಯಾಕ್ಟರ್ ಹತ್ತಿ ಹೊರಟ. ಅಲ್ಲಿ ಅಜ್ಜಿಗೆ ಕಥೆಯ ಹುಮ್ಮಸ್ಸು ಏರಿತು. ದಾರಿಯಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತಿತು, ಬಿಡಿಭಾಗ ಸಿಗಲಿಲ್ಲ, ಬೋಳ ಅದಕ್ಕೆ ಹುಲ್ಲು ತಿನ್ನಿಸಿ ನೋಡಿದ ಎಂದಳು. ಇಡೀ ಭವನ ಗೊಳ್ಳೆಂದಿತು. ನಕ್ಕ ಮೇಲೆ ಎಲ್ಲರೂ ಒಟ್ಟಿಗೆ ಪ್ರತಿನಿಧಿಯ ಮುಖ ನೋಡಿದರು. ಅವರ ತುಟಿಯ ಕೊನೆಯೂ ಅಲುಗಿದ್ದು ಕಂಡು ಉಸಿರಾಡಿದರು.

ಏಳು ತಲೆಗಳೂ ಉರುಳಿದವು. ನೀರು ಹರಿಯಿತು. ಯುಲ್ಬೆರ್ ಚಪ್ಪಾಳೆ ತಟ್ಟಲು ಕೈಯೆತ್ತಿದ. ಅಜ್ಜಿ ನೀರು ಬೇಕೆಂದಳು, ನಿಧಾನವಾಗಿ ಕುಡಿದಳು. ಮುಂದಿರುವುದು ಏನೆಂದು ಅವಳಿಗೂ ಆಗಲೇ ಹೊಳೆದಿರಬೇಕು. ಅಲ್ಲಿಗೇ ಮುಗಿಸಿಬಿಡುತ್ತಿದ್ದಳೋ ಏನೋ. ಆದರೆ ಕಾಮ್ರೇಡ್ ನೆಫಿಸಾ ಮುಂದಕ್ಕೆ ಬಾಗಿ, ಗಲ್ಲಕ್ಕೆ ಕೈಕೊಟ್ಟು, ಮನೆಯಲ್ಲಿ ಕೂತ ಹಾಗೆ ಕೇಳಿದರು.

“ಆಮೇಲೆ?”

ಕೇಳಿದ ಮೇಲೆ ಹೇಳದಿರುವುದು ಅಜ್ಜಿಗೆ ಗೊತ್ತಿಲ್ಲ. ಆಮೇಲೆ ಬೋಳ ತನಗೆ ಬರಬೇಕಾದದ್ದನ್ನು ಕೇಳಲು ಹೋದ. ಹಳೆಯ ಕಥೆಯಲ್ಲಿ ರಾಜನಿಗೆ ಮಾತು ಕೊಟ್ಟದ್ದು ಹೊಟ್ಟೆನೋವಾಗಿತ್ತು. ಆ ಜಾಗದಲ್ಲಿ ಈಗ ಅಧ್ಯಕ್ಷನಿದ್ದ. ಓದುವ ಹಕ್ಕನ್ನು ಬೋಳನಿಗೆ ಯಾಕೆ ಕೊಡಲಿ, ನಮ್ಮ ಮನೆಯ ಕೂಸಿಗೇ ಇರಲಿ ಅಂದುಕೊಂಡ ಅಧ್ಯಕ್ಷ. ಬೋಳನನ್ನು ಬಾವಿಗೆ ತಳ್ಳಿ ಎಂದು ಮಂತ್ರಿ ಕಿವಿಯಲ್ಲಿ ಹೇಳಿಕೊಡುವ ಜಾಗ ಬಂತು. ಅಜ್ಜಿ ಒಂದು ಗಳಿಗೆ ತಡವರಿಸಿ, ಕಾರ್ಯದರ್ಶಿ ಅವತ್ತು ರಜೆ ಹಾಕಿದ್ದ, ಅದಕ್ಕೇ ಅಧ್ಯಕ್ಷ ಒಬ್ಬನೇ ಹೋಗಿ ಹುಡುಗನನ್ನು ಬಾವಿಗೆ ತಳ್ಳಿದ ಎಂದುಬಿಟ್ಟಳು.

ಹಿಂದಿನ ಸಾಲಿನಲ್ಲಿ ಮಿಮೋಜಾ ಮುಖ ಮುಚ್ಚಿಕೊಂಡಳು. ರಾಪೋ ಮಾಮನ ಕುತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವನು ಯಾರ ಹಕ್ಕನ್ನೂ ಕದ್ದಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬ ಅಧ್ಯಕ್ಷ, ಒಂದು ಹಕ್ಕು, ಒಬ್ಬ ತಂಗಿಯ ಮಗಳು ಹಳ್ಳಿಯಲ್ಲೂ ಇದ್ದರು, ಕಥೆಯಲ್ಲೂ ಹೆಚ್ಚುಕಡಿಮೆ ಇದ್ದರು.

ಕಾಮ್ರೇಡ್ ನೆಫಿಸಾ ಶೂ ಹಾಕಿಕೊಂಡರು.

“ಇದು ಯಾವ ಸಹಕಾರಿಯಲ್ಲಿ ನಡೆದದ್ದು ಕಾಮ್ರೇಡ್ ಹಾನ್ಕೋ?”

“ಬಹಳ ಹಿಂದೆ ತಾಯಿ. ದೇಶ ಬಿಡುಗಡೆ ಆಗೋಕೂ ಮುಂಚೆ.”

“ಆಗ ಸಹಕಾರಿಗಳೇ ಇರ್ಲಿಲ್ಲ.”

“ಇರ್ಲಿಲ್ಲ,” ಎಂದು ಅಜ್ಜಿ ಒಪ್ಪಿಕೊಂಡಳು.

“ರಾಜನ ಜಾಗದಲ್ಲಿ ಅಧ್ಯಕ್ಷನ್ನ ಕೂರಿಸಿದ್ದು ಯಾರು?”

ಯುಲ್ಬೆರ್ ಗೋಡೆಯಿಂದ ಬೆನ್ನು ಬಿಡಿಸಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಸಹಕಾರಿಯ ಅಧ್ಯಕ್ಷನನ್ನು ಕಳ್ಳನೂ ಕೊಲೆಗಾರನೂ ಮಾಡಿ ಜನರ ಮುಂದೆ ಆಡಿಸುವುದಕ್ಕೆ ನಮ್ಮ ಕಾನೂನಿನಲ್ಲಿ ಸರ್ಕಾರದ ವಿರುದ್ಧ ಪ್ರಚಾರ ಎಂಬ ಹೆಸರಿತ್ತು. ಓದುಬರಹ ಬಲ್ಲ ಹುಡುಗನ ತಲೆಗೆ ಆ ಹೆಸರು ಅಂಟಿದರೆ ಅವನನ್ನು ಕಳಿಸುವ ಜಾಗಗಳನ್ನು ನಾನು ನಕ್ಷೆಯಲ್ಲಿ ಬಲ್ಲೆ, ತಾಮ್ರದ ಗಣಿಗಳಿರುವ ಕಡೆ, ಅಲ್ಲಿಂದ ಬಂದವರು ಮಾತಾಡುತ್ತಿರಲಿಲ್ಲ. ಅಜ್ಜಿಗಾದರೆ ಅಂಥದ್ದೇನೂ ಆಗದು. ಮುದುಕಿ, ಗದರಿ ಬಿಡುತ್ತಾರೆ. ಆದರೆ ಗದರಿಕೆ ಕಾಗದಕ್ಕೆ ಏರುತ್ತದೆ, ಕಾಗದ ಜಿಲ್ಲೆಗೆ ಹೋಗುತ್ತದೆ, ನನ್ನ ಹೆಸರಿನ ಮೇಲೆ ಮುದ್ರೆ ಬೀಳುವುದಿಲ್ಲ.

ಅಜ್ಜಿ ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿದಳು. ಯಾವತ್ತೂ ನನ್ನನ್ನು ಏನನ್ನೂ ಕೇಳಿದವಳಲ್ಲ, ಹೇಳುವುದಷ್ಟೇ ಅವಳ ಕೆಲಸವಾಗಿತ್ತು. ತಪ್ಪು ನಾನೇ ಹೊತ್ತುಕೊಳ್ಳಲಾ ಎಂದು ಈಗ ಕಣ್ಣಲ್ಲೇ ಕೇಳುತ್ತಿದ್ದಳು. ಆ ಹುಡುಗ ಒಲೆಯ ಪಕ್ಕ ಕೂತು ರೊಟ್ಟಿ ಮುರಿಯುತ್ತಿದ್ದದ್ದು ನನ್ನ ಕಣ್ಣಿಗೆ ಬಂತು. ಅವನು ನಮ್ಮ ರೊಟ್ಟಿ ಉಪ್ಪು ತಿಂದವನು. ತಿಂದವನನ್ನು ಹೊಸ್ತಿಲಾಚೆ ಬಿಟ್ಟುಕೊಟ್ಟ ಮನೆಯಲ್ಲಿ ಆಮೇಲೆ ಯಾರೂ ನೀರೂ ಮುಟ್ಟುವುದಿಲ್ಲ. ಇದನ್ನು ಯಾವ ಸಿಡಿಲೋಲೆಯೂ ನಮ್ಮಿಂದ ಕಿತ್ತುಹಾಕಿರಲಿಲ್ಲ. ಆದರೂ ಆ ಗಳಿಗೆಯಲ್ಲಿ ನನಗೆ ಅಳು ಬಂತು, ಸುಳ್ಳು ಹೇಳಲಾರೆ.

ನಾನು ತಲೆಯನ್ನು ಮೆಲ್ಲಗೆ ಆಚೆ ಈಚೆ ಅಲುಗಿಸಿದೆ. ನಮ್ಮಲ್ಲಿ ಅದು ಹೂಂ ಅಂದ ಹಾಗೆ.

“ನಾನೇ ಕೂರಿಸಿದ್ದು ಕಾಮ್ರೇಡ್,” ಎಂದಳು ಅಜ್ಜಿ. “ಕಾಲಕ್ಕೆ ತಕ್ಕ ಹಾಗೆ ಹೇಳೋಣ ಅಂತ ಹೊರಟೆ. ಮುದಿ ಬುದ್ಧಿ, ಅರ್ಧ ದಾರೀಲಿ ಕೈಕೊಡ್ತು.”

ಯುಲ್ಬೆರ್ ಏನೋ ಹೇಳಲು ಹೋದ. ನಾಜಿಕೆ ಅವನ ಪಕ್ಕದಲ್ಲೇ ಇದ್ದಳು. ಅವನ ಪಾದದ ಮೇಲೆ ತನ್ನ ಪಾದವನ್ನಿಟ್ಟು, ಎಮ್ಮೆಯಂತೆ ಭಾರ ಬಿಟ್ಟು ನಿಂತಳು. ಅವನು ಮತ್ತೆ ಗೋಡೆಗೊರಗಿದ.

ಆಗ ರಾಪೋ ಮಾಮ ಎದ್ದ. ಟೋಪಿ ಕೈಯಲ್ಲಿ ಹಿಂಡುತ್ತ, ತಾನು ಯೋಚಿಸಿದ ಪ್ರಕಾರ ರಾಜನನ್ನು ರಾಜನಾಗಿಯೇ ಇಡುವುದು ವರ್ಗದೃಷ್ಟಿಯಿಂದ ಹೆಚ್ಚು ಸರಿ ಎಂದ. ಮಾತಿಗೆ ತಪ್ಪುವುದು, ಬಡವರ ಮಕ್ಕಳನ್ನು ಬಾವಿಗೆ ತಳ್ಳುವುದು ರಾಜರ ಗುಣ. ಆ ಗುಣವನ್ನು ಜನ ಮರೆಯಬಾರದು. ಆದ್ದರಿಂದ ಚಪ್ಪರದಲ್ಲಿ ರಾಜರ ಕಥೆ ಮುಂದುವರಿಯಲಿ ಎಂದು ಸಹಕಾರಿ ಬೇಡಿಕೊಳ್ಳುತ್ತದೆ. ಇಡೀ ಭವನ ಕೈಯೆತ್ತಿತು. ಅಷ್ಟು ಮನಸಾರೆ ನಮ್ಮ ಹಳ್ಳಿ ಯಾವ ನಿರ್ಣಯಕ್ಕೂ ಕೈಯೆತ್ತಿದ್ದನ್ನು ನಾನು ಕಂಡಿಲ್ಲ.

ಕಾಮ್ರೇಡ್ ನೆಫಿಸಾ ಬರೆದುಕೊಂಡರು. ಅಜ್ಜಿಗೆ ಗದರಿಕೆ, ರಾಜನಿಗೆ ಅನುಮತಿ. ಹೊರಡುವಾಗ ಜೀಪಿನ ಬಾಗಿಲು ಹಿಡಿದು ನಿಂತು, ನಾನೂ ಅಜ್ಜಿಯೂ ಹತ್ತಿರ ಬರುವವರೆಗೆ ಕಾದರು.

“ಬಾವಿಯಿಂದ ಹುಡುಗ ಮೇಲೆ ಬಂದದ್ದು ಹೇಗೆ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

“ಹದ್ದು ಹೊತ್ತು ತಂತು ತಾಯಿ. ದಾರೀಲಿ ಅದಕ್ಕೆ ಹಾಕೋ ಮಾಂಸ ಮುಗೀತು. ತನ್ನ ತೊಡೇದೇ ಕೊಯ್ದು ಕೊಟ್ಟ.”

“ನಮ್ಮಮ್ಮನೂ ಹೇಳ್ತಿದ್ಲು. ಈ ತೊಡೆ ವಿಷ್ಯ ಮರ್ತೇ ಹೋಗಿತ್ತು,” ಎಂದರು. ನನ್ನ ಮುಖ ನೋಡಲಿಲ್ಲ. ಜೀಪು ಹೊರಟಿತು.

ಎರಡು ದಿನ ಬಿಟ್ಟು ರಾಪೋ ಮಾಮ ನಮ್ಮ ಅಂಗಳಕ್ಕೆ ಬಂದ. ಒಳಗೆ ಬರಲೊಪ್ಪದೆ ಅಂಜೂರದ ಮರದಡಿಯ ಕಲ್ಲಿನ ಮೇಲೆ ಕೂತು, ಅಜ್ಜಿಯ ಮೇಲೆ ತನ್ನ ಹೊಟ್ಟೆಯ ಉರಿಯನ್ನೆಲ್ಲ ಕಾರಿಕೊಂಡ. ತೊಮೊರಿ ಬೆಟ್ಟದಾಣೆಗೂ ಲಿಂದಿತಾಳ ಹೆಸರನ್ನೇ ಹೇಳಬೇಕೆಂದಿದ್ದನಂತೆ. ಈಗ ಅವಳ ಹೆಸರು ಹೇಳಿದರೆ ಅಧ್ಯಕ್ಷ ಕಥೆಗೆ ಹೆದರಿದ ಅನ್ನುತ್ತಾರೆ, ಮಿಮೋಜಾಳ ಹೆಸರು ಹೇಳಿದರೆ ಕಥೆ ನಿಜವಾಯಿತು ಅನ್ನುತ್ತಾರೆ.

“ಎರಡು ಕಡೆಯಿಂದಾನೂ ನನ್ನನ್ನ ಬಾವಿಗೆ ತಳ್ಳಿದ್ಯಲ್ಲ ಹಾನ್ಕೋ,” ಎಂದ.

“ಹದ್ದು ಬರತ್ತೆ, ತಡಿ,” ಎಂದು ಅಜ್ಜಿ ಅವನ ಮುಂದೆ ಬಾರ್ಲಿ ಕಷಾಯ ಇಟ್ಟಳು. ಬೇಡ ಬೇಡ ಎನ್ನುತ್ತಲೇ ಕುಡಿದ.

ಕೊನೆಗೆ ಅವನು ಎರಡೂ ಹೆಸರು ಕಳಿಸಿದ, ಜಿಲ್ಲೆಯವರೇ ಆರಿಸಲಿ ಎಂದು. ಜಿಲ್ಲೆಯಿಂದ ಮಿಮೋಜಾಳ ಹೆಸರು ಬಂತು.

ನಾನು ಚಪ್ಪರಕ್ಕೆ ಹೋಗುತ್ತಲೇ ಇದ್ದೆ. ಒಂದು ಮಧ್ಯಾಹ್ನ ಯುಲ್ಬೆರ್ ಬಂದು, ಯಾರ ಅಪ್ಪಣೆಯೂ ಇಲ್ಲದೆ ನನ್ನ ಎದುರು ಕೂತು ಸೂಜಿ ತೆಗೆದುಕೊಂಡ. ಎರಡನೆಯ ಎಲೆಗೇ ಬೆರಳು ಚುಚ್ಚಿಕೊಂಡ. ಗಂಡಸರ ರಕ್ತ ಬಿದ್ದ ಹೊಗೆಸೊಪ್ಪಿಗೆ ಬೆಲೆ ಜಾಸ್ತಿ ಎಂದು ನಾಜಿಕೆ ಹೇಳಿದಳು. ಹೆಂಗಸರ ನಗು ಇಳಿದ ಮೇಲೆ ಅವನು ತಲೆಯೆತ್ತದೆ, ನಾನೇ ಹೋಗಿ ಜಿಲ್ಲೆಯಲ್ಲಿ ನಿಜ ಹೇಳಿಬರುತ್ತೇನೆ, ಆಗ ಮುಂದಿನ ವರ್ಷಕ್ಕಾದರೂ ನಿನ್ನ ಹೆಸರು ತೊಳೆದುಹೋಗುತ್ತದೆ ಎಂದ. ಹೋದರೆ ಅಜ್ಜಿ ಸುಳ್ಳು ಹೇಳಿದಳೆಂದಾಗುತ್ತದೆ, ಆಮೇಲೆ ನಾವು ಮೂವರೂ ಹೋದ ಹಾಗೆ ಎಂದೆ. ಅವನು ಅದನ್ನು ಯೋಚಿಸಿರಲಿಲ್ಲ. ಕಥೆಯ ಅರ್ಧ ಕೇಳಿ ಎದ್ದುಹೋಗುವುದು ಅವನ ಸ್ವಭಾವವೇ ಇರಬೇಕು.

“ಸಿಟ್ಟಿದ್ಯಾ?” ಎಂದು ಕೇಳಿದ.

“ಇದೆ. ದಂಟಿನ ನಡುವಿಗೆ ಚುಚ್ಚು, ಪಕ್ಕಕ್ಕಲ್ಲ.”

ಅವನು ನಡುವಿಗೆ ಚುಚ್ಚಿದ. ಮೂಲೆಯಲ್ಲಿ ಅಜ್ಜಿ ದನಿ ತೆಗೆದಳು. ಸಿಂಹಾಸನದ ಮೇಲೆ ಕೂತಿದ್ದ ರಾಜ ಎಷ್ಟು ಕ್ರೂರಿಯಾಗಿದ್ದನೆಂದರೆ ಕೇಳಿದವರಿಗೆ ಹಾಯೆನಿಸುತ್ತಿತ್ತು.

ಸೆಪ್ಟೆಂಬರಿನ ಕೊನೆಗೆ ಮಿಮೋಜಾ ಹೊರಟಳು. ಹಾಲಿನ ಲಾರಿ ಅವಳನ್ನು ರೈಲಿನ ತನಕ ಮುಟ್ಟಿಸಬೇಕಿತ್ತು. ಅಜ್ಜಿ ಕೊಟ್ಟ ಒಣ ಅಂಜೂರದ ಗಂಟನ್ನು ಹಿಡಿದು ನಾನೂ ರಸ್ತೆಗೆ ಹೋದೆ. ಅವಳ ಮನೆಯವರೆಲ್ಲ ಅತ್ತು ಮುಗಿಸಿದ್ದರು. ಅವಳು ನನ್ನನ್ನು ಲಾರಿಯ ಮರೆಗೆ ಎಳೆದುಕೊಂಡು ಹೋದಳು. ಭೂಗೋಳ ಬೇಡವೆಂದು ಮಾಮನ ಮುಂದೆ ಅತ್ತದ್ದು, ಹಕ್ಕನ್ನು ಹಿಂದಿರುಗಿಸಿದರೆ ಅದು ಹಳ್ಳಿಗೆ ಉಳಿಯುವುದಿಲ್ಲ, ಬೇರೆ ಹಳ್ಳಿಗೆ ಹೋಗುತ್ತದೆ ಎಂದು ಅವನು ಗದರಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

“ಲಿಂದಿತಾ, ಅಲ್ಲಿ ಮೊದಲ್ನೇ ದಿನಾನೇ ಏನಾದ್ರೂ ಕೇಳಿದ್ರೆ? ಈ ನಮ್ಮ ಹೊಳೆ ಎಲ್ಲಿಗ್ ಹೋಗತ್ತೆ ಅನ್ನೋದೂ ನಂಗೊತ್ತಿಲ್ಲ ಕಣೆ.”

ನಾನು ಹೇಳಿದೆ. ನಮ್ಮ ದೇವೊಲ್ ಪೂರ್ವದ ಗಡಿಬೆಟ್ಟಗಳಲ್ಲಿ ಹುಟ್ಟುತ್ತದೆ. ದೊಡ್ಡ ಬಯಲೊಂದರಲ್ಲಿ ಸ್ವಲ್ಪ ಹೊತ್ತು ಆಡಿಕೊಂಡು, ಆಮೇಲೆ ಕಲ್ಲಿನ ಕಮರಿಗಳಲ್ಲಿ ನುಗ್ಗಿ ನಮ್ಮೂರಿಗೆ ಬರುತ್ತದೆ. ಬೆಟ್ಟಗಳ ಆಚೆಯಿಂದ ಓಸುಮ್ ಎಂಬ ಇನ್ನೊಂದು ಹೊಳೆ ಹೊರಟಿರುತ್ತದೆ. ಒಂದರ ಸುದ್ದಿ ಇನ್ನೊಂದಕ್ಕಿಲ್ಲ. ಬೆಟ್ಟ ಮುಗಿದು ನೆಲ ಸಮವಾಗುವ ಕಡೆ ಎರಡೂ ಎದುರುಬದುರಾಗುತ್ತವೆ. ಅಲ್ಲಿ ತಮ್ಮ ತಮ್ಮ ಹೆಸರು ಬಿಟ್ಟು ಸೆಮಾನ್ ಆಗುತ್ತವೆ. ಅಲ್ಲಿಂದ ಮುಂದೆ ಅವಸರವಿಲ್ಲ, ಜೋಳದ ಹೊಲಗಳ ನಡುವೆ ಬಳುಕಿ ಬಳುಕಿ ಹರಿಯುವುದಷ್ಟೇ. ಲಾರಿಯ ಡ್ರೈವರ್ ಹಾಲಿನ ಕ್ಯಾನುಗಳಿಗೆ ಹಗ್ಗ ಬಿಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ.

“ಆಮೇಲೆ?” ಎಂದಳು ಮಿಮೋಜಾ.

“ಆಮೇಲೆ ಸಮುದ್ರ.”

“ಅದರಾಚೆ?”

“ಅದನ್ನ ನೀನು ಓದ್ಕೊಂಡು ಬಂದು ನಂಗೆ ಹೇಳು.”

ಅವಳು ಅಂಜೂರದ ಗಂಟನ್ನು ಎದೆಗೊತ್ತಿಕೊಂಡು ಡ್ರೈವರನ ಪಕ್ಕ ಹತ್ತಿ ಕೂತಳು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ಅವಳ ತುಟಿಗಳು ಆಡುತ್ತಲೇ ಇದ್ದವು. ದೇವೊಲ್, ಓಸುಮ್, ಸೆಮಾನ್.